ಹಳೆಯದೋ, ಹೊಸದೋ?
ಒಂದು ಮಿಲ್ಲಿಂಗ್ ಯಂತ್ರವನ್ನು ಕೊಂಡ ಕಥೆ

ಕಳೆದ ಮಾಘಮಾಸದ ಒಂದು ಭಾನುವಾರ ಸಂಜೆ ನನ್ನ ತಂಗಿಯ ಯಜಮಾನರು ಎರಡು ಕಾಗದಗಳನ್ನು ಹಿಡಿದು ನಮ್ಮ ಮನೆಗೆ ಬಂದರು. ನಾವಿಬ್ಬರೂ ಪರಸ್ಪರ ‘ಭಾವ’ ಎಂದೇ ಕರೆದುಕೊಳ್ಳುವುದು ವಾಡಿಕೆ. ಆದುದರಿಂದ ಈ ಲೇಖನದಲ್ಲಿಯೂ ಅವರು ‘ಭಾವನವರು’ ಎಂದೇ ಇರಲಿ. ಕಾಫಿಯ ಲೋಟವನ್ನು ಕೆಳಗಿಟ್ಟು ಅವರು ಗಂಟಲು ಸರಿಪಡಿಸಿಕೊಂಡರು. “ಭಾವ, ಒಂದು ಮಿಲ್ಲಿಂಗ್ ಮೆಷೀನು ತೊಗೋಬೇಕು ಅಂತಿದೀನಿ. ಬ್ಯಾಂಕಿಗೆ ನಿಮ್ಮದೊಂದು ಜಾಮೀನು ಬೇಕಾಗುತ್ತೆ” ಎಂದರು.

ಒಳಗಿನಿಂದ ನಮ್ಮ ತಾಯಿಯವರ ಧ್ವನಿ ಬಂದಿತು: “ಹಿಟ್ಟಿನ ಮಿಲ್ಲೇ? ನಮ್ಮ ಬೀದೀಲೇ ಎರಡಿವೆಯಲ್ಲಪ್ಪ! ಅಳಿಯಂದಿರಿಗೆ ಯಾಕೆ ಆ ಧೂಳಿನ ಸಹವಾಸ?”

ನಾವೆಲ್ಲ ನಕ್ಕೆವು. ಆದರೆ ಸತ್ಯವನ್ನು ಹೇಳಬೇಕೆಂದರೆ, ಕನ್ನಡ ಸಾಹಿತ್ಯವನ್ನು ಬೋಧಿಸಿ ಹೊಟ್ಟೆ ಹೊರೆಯುವ ನನಗೂ ಆ ಯಂತ್ರದ ವಿಷಯದಲ್ಲಿ ನಮ್ಮ ತಾಯಿಯವರಿಗಿಂತ ಹೆಚ್ಚಿನ ಜ್ಞಾನವಿರಲಿಲ್ಲ. ಭಾವನವರು ತಂದಿದ್ದ ಕಾಗದಗಳಲ್ಲಿ ಒಂದು, ಹೊಸ ಯಂತ್ರದ ದರಪಟ್ಟಿ. ಹನ್ನೆರಡು ಲಕ್ಷ ರೂಪಾಯಿ. ಇನ್ನೊಂದು, ಹಳೆಯ ಯಂತ್ರವೊಂದರ ಛಾಯಾಚಿತ್ರ. ಅದರ ಹಿಂದೆ ಪೆನ್ಸಿಲಿನಲ್ಲಿ ‘ಮೂರೂವರೆ’ ಎಂದು ಬರೆದಿತ್ತು. ನನ್ನ ತಂಗಿ ತಾಯಿಯ ಪಕ್ಕದಲ್ಲಿ ಸುಮ್ಮನೆ ನಿಂತಿದ್ದಳು. ಅವಳ ಕೊರಳಲ್ಲಿ ಮದುವೆಯ ಎರಡೆಳೆಯ ಸರವಿರಲಿಲ್ಲ. ಭಾವನವರ ಕೈಯಲ್ಲಿದ್ದ ಮೂರು ಲಕ್ಷದ ಬಂಡವಾಳದಲ್ಲಿ ಅದರ ಪಾಲೂ ಸೇರಿತ್ತೆಂಬುದು ನನಗೆ ಆ ರಾತ್ರಿ ತಿಳಿಯಿತು. ಸಹಿ ಹಾಕುವ ಮುನ್ನ ಈ ವ್ಯವಹಾರವನ್ನು ಬುಡಮಟ್ಟ ಅರಿಯಬೇಕೆಂದು ನಾನು ನಿಶ್ಚಯಿಸಿದೆನು. ಹಾಗೆ ಅರಿತದ್ದನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ. ಯಾವ ಮನೆಗೆ ಯಾವ ಭಾವನವರು ಯಾವಾಗ ಜಾಮೀನು ಕೇಳಿಕೊಂಡು ಬರುವರೋ ಹೇಳಬಲ್ಲವರಾರು?

ಈ ಯಂತ್ರ ಮಾಡುವುದೇನು?

ಲೇತನ್ನು ನಮ್ಮಲ್ಲಿ ಬಹುಮಂದಿ ನೋಡಿದ್ದಾರೆ. ಅದರಲ್ಲಿ ಕೆಲಸದ ತುಂಡು ಗಿರಗಿರನೆ ತಿರುಗುತ್ತದೆ, ಉಳಿಯು ನಿಂತಲ್ಲಿ ನಿಂತು ಅದನ್ನು ಕೊರೆಯುತ್ತದೆ. ಕುಂಬಾರನ ಚಕ್ರದ ಹತ್ತಿರದ ಸಂಬಂಧಿ ಅದು. ದುಂಡಗಿರುವುದನ್ನೆಲ್ಲ ಅದು ಮಾಡಿಕೊಡುತ್ತದೆ. ಮಿಲ್ಲಿಂಗ್ ಯಂತ್ರದ ರೀತಿ ಇದಕ್ಕೆ ವಿಪರೀತ. ಇಲ್ಲಿ ಹಲವು ಹಲ್ಲುಗಳ ಕಟ್ಟರ್ ತಿರುಗುತ್ತದೆ. ಕೆಲಸದ ತುಂಡು ಮೇಜಿಗೆ ಬಿಗಿಯಲ್ಪಟ್ಟು, ಆ ಮೇಜಿನೊಡನೆ ಎಡಕ್ಕೆ ಬಲಕ್ಕೆ, ಹಿಂದಕ್ಕೆ ಮುಂದಕ್ಕೆ, ಮೇಲಕ್ಕೆ ಕೆಳಕ್ಕೆ ಚಲಿಸುತ್ತದೆ. ಸಮತಟ್ಟಾದ ಮುಖ, ಉದ್ದನೆಯ ಕಾಲುವೆ, ಚೌಕದ ಮೂಲೆ, ಗಾಲಿಯ ಹಲ್ಲು, ದುಂಡಗಲ್ಲದ ಇವೆಲ್ಲವೂ ಇದರ ಸೃಷ್ಟಿ. ನೀರೆತ್ತುವ ಪಂಪಿನಲ್ಲಿ ಅಚ್ಚನ್ನೂ ಚಕ್ರವನ್ನೂ ಕೂಡಿಸುವ ಕೀಲಿಯ ಗಾಡಿಯೂ ಇದರ ಕೆಲಸವೇ.

ಭಾವನವರ ಚಿಕ್ಕ ಷೆಡ್ಡು ಪೀಣ್ಯದಲ್ಲಿದೆ. ಒಂದು ಲೇತು, ಒಂದು ಡ್ರಿಲ್ಲಿಂಗ್ ಯಂತ್ರ, ಇಬ್ಬರು ಹುಡುಗರು. ಇಷ್ಟೇ ಅವರ ಸಂಸಾರ. ಬಂದ ಕೆಲಸದಲ್ಲಿ ಮಿಲ್ಲಿಂಗ್ ಭಾಗವನ್ನು ಅವರು ಬೇರೆ ಷೆಡ್ಡಿಗೆ ಕೊಟ್ಟು ಮಾಡಿಸಬೇಕಾಗಿತ್ತು. ಅದರಿಂದ ಲಾಭದ ಅರ್ಧ ಅಲ್ಲಿಗೇ ಹೋಗುತ್ತಿತ್ತು; ಹೇಳಿದ ದಿನಕ್ಕೆ ಕೆಲಸವೂ ಬರುತ್ತಿರಲಿಲ್ಲ. ಯಂತ್ರದ ಹಂಬಲ ಹುಟ್ಟಿದ್ದು ಹೀಗೆ.

ಯಂತ್ರ ಬಂದ ದಾರಿ

ಈ ಯಂತ್ರದ ಇತಿಹಾಸವೂ ಒಂದು ಚಿಕ್ಕ ಷೆಡ್ಡಿನ ತೊಂದರೆಯಂತಹ ತೊಂದರೆಯಿಂದಲೇ ಬೆಳೆದುಬಂದದ್ದು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಬಂದೂಕಿನ ಭಾಗಗಳನ್ನು ಕೊರೆಯಲು ತಿರುಚು ಕಾಲುವೆಯ ಡ್ರಿಲ್ಲುಗಳು ಬೇಕಾಗಿದ್ದವು. ಆ ಕಾಲುವೆಗಳನ್ನು ಕೆಲಸಗಾರರು ಕೈಯರದಿಂದ ಉಜ್ಜಿ ಉಜ್ಜಿ ಮಾಡುತ್ತಿದ್ದರು. ಈ ಕಷ್ಟವನ್ನು ನೀಗಲು ಪ್ರಾವಿಡೆನ್ಸ್ ನಗರದ ಬ್ರೌನ್ ಅಂಡ್ ಷಾರ್ಪ್ ಸಂಸ್ಥೆಯ ಜೋಸೆಫ್ ಬ್ರೌನ್ ೧೮೬೨ರಲ್ಲಿ ‘ಯೂನಿವರ್ಸಲ್’ ಮಿಲ್ಲಿಂಗ್ ಯಂತ್ರವನ್ನು ನಿರ್ಮಿಸಿದನು. ೧೯೩೮ರಲ್ಲಿ ಕನೆಕ್ಟಿಕಟ್ಟಿನ ಬ್ರಿಡ್ಜ್‌ಪೋರ್ಟ್ ಊರಿನಿಂದ ರುಡಾಲ್ಫ್ ಬ್ಯಾನೋ ಎಂಬಾತನ ನೆಟ್ಟನೆಯ ಮಿಲ್ಲಿಂಗ್ ಯಂತ್ರ ಹೊರಟಿತು. ಚಿಕ್ಕ ಕಾರ್ಖಾನೆಗಳಿಗೆ ಅದು ಎಷ್ಟು ಒಗ್ಗಿತೆಂದರೆ, ಅದೇ ಮಾದರಿಯ ಯಂತ್ರಗಳು ಇಂದಿಗೂ ಹಲವು ದೇಶಗಳಲ್ಲಿ ತಯಾರಾಗುತ್ತಿವೆ.

ನಮ್ಮ ಬೆಂಗಳೂರಿಗೂ ಈ ಕಥೆಯಲ್ಲಿ ಪಾತ್ರವುಂಟು. ೧೯೫೩ರಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಕಾರ್ಖಾನೆ ಜಾಲಹಳ್ಳಿಯಲ್ಲಿ ಲೇತುಗಳಿಂದ ಆರಂಭಿಸಿ, ಮುಂದೆ ಮಿಲ್ಲಿಂಗ್ ಯಂತ್ರಗಳನ್ನೂ ದೇಶಕ್ಕೆ ನೀಡಿತು. ೧೯೬೧ರಲ್ಲಿ ಜರ್ಮನಿಯ ಫ್ರಿಟ್ಜ್ ವರ್ನರ್ ಸಂಸ್ಥೆಯ ಸಹಯೋಗದಿಂದ ಭಾರತ್ ಫ್ರಿಟ್ಜ್ ವರ್ನರ್ ಇದೇ ಊರಿನಲ್ಲಿ ಹುಟ್ಟಿತು. ಕಂಪ್ಯೂಟರ್ ನಿಯಂತ್ರಣದ ಯಂತ್ರಗಳು ಬಂದ ಮೇಲೆ ದೊಡ್ಡ ಕಾರ್ಖಾನೆಗಳು ತಮ್ಮ ಕೈಚಾಲನೆಯ ಯಂತ್ರಗಳನ್ನು ಒಂದೊಂದಾಗಿ ಹೊರಗೆ ಹಾಕಿದವು. ಹೀಗೆ ಹೊರಬಿದ್ದ ಆ ಭಾರಿ ಎರಕದ ಯಂತ್ರಗಳೇ ಇಂದು ಹಳೆಯ ಮಾಲಿನ ವ್ಯಾಪಾರಿಗಳ ಷೆಡ್ಡುಗಳಲ್ಲಿ ಹೊಸ ಯಜಮಾನನಿಗಾಗಿ ಕಾದು ನಿಂತಿವೆ.

ಕಾಗದದ ಮೇಲಿನ ಲೆಕ್ಕ

ಮೊದಲು ನಾವಿಬ್ಬರೂ ಊಟದ ಮೇಜಿನ ಮೇಲೆ ಲೆಕ್ಕ ಹಾಕಿದೆವು. ಹೊಸ ಯಂತ್ರಕ್ಕೆ ಹನ್ನೆರಡು ಲಕ್ಷ. ಕೈಯಲ್ಲಿರುವುದು ಮೂರು, ಒಂಬತ್ತು ಲಕ್ಷ ಸಾಲ. ನೂರಕ್ಕೆ ಹನ್ನೆರಡರ ಬಡ್ಡಿಯಂತೆ ಐದು ವರ್ಷದ ಕಂತೆಂದರೆ ತಿಂಗಳಿಗೆ ಸುಮಾರು ೨೦,೦೦೦ ರೂಪಾಯಿ. ಹಳೆಯ ಯಂತ್ರಕ್ಕೆ ನಾಲ್ಕು ಲಕ್ಷವೆಂದೂ, ಸಾಗಾಣಿಕೆ, ದುರಸ್ತಿ, ಉಪಕರಣಗಳಿಗೆ ಇನ್ನೊಂದು ಲಕ್ಷವೆಂದೂ ಹಿಡಿದೆವು. ಆಗ ಸಾಲ ಎರಡೇ ಲಕ್ಷ. ಮೂರು ವರ್ಷದಲ್ಲಿ ತೀರಿಸುವುದಾದರೆ ಕಂತು ತಿಂಗಳಿಗೆ ಸುಮಾರು ೬,೬೦೦.

ಮಿಲ್ಲಿಂಗ್ ಕೆಲಸಕ್ಕೆ ಗಂಟೆಗೆ ೨೫೦ ರೂಪಾಯಿ ದೊರೆಯುವುದೆಂದು ಭಾವಿಸೋಣ. ಹೊಸ ಯಂತ್ರ ತಿಂಗಳಿಗೆ ಎಂಬತ್ತು ಗಂಟೆ, ಎಂದರೆ ಪೂರ್ತಿ ಹತ್ತು ದಿನ, ಕೇವಲ ಬ್ಯಾಂಕಿಗಾಗಿ ದುಡಿಯಬೇಕು. ಹಳೆಯದಕ್ಕೆ ಇಪ್ಪತ್ತೇಳು ಗಂಟೆ ಸಾಕು. ಕೆಲಸ ತುಂಬಿ ತುಳುಕುವ ತಿಂಗಳಲ್ಲಿ ಈ ಭೇದ ಕಾಣುವುದಿಲ್ಲ. ಕೆಲಸವಿಲ್ಲದ ತಿಂಗಳಲ್ಲಿ ಅದು ನಿದ್ರೆಯನ್ನೇ ಕೆಡಿಸುತ್ತದೆ.

ಹಾಗೆಂದು ಹೊಸದರ ಪಕ್ಷದಲ್ಲಿ ಮಾತಿಲ್ಲವೆಂದಲ್ಲ. ಹೊಸ ಯಂತ್ರಕ್ಕೆ ಬ್ಯಾಂಕಿನವರು ಹೆಚ್ಚು ಅಳುಕಿಲ್ಲದೆ ಸಾಲ ಕೊಡುತ್ತಾರೆ. ಹಳೆಯದಕ್ಕೆ ಬೆಲೆ ಕಟ್ಟುವವರ ಪ್ರಮಾಣಪತ್ರ, ಜಾಮೀನು ಎಂದು ನೂರು ತಾಪತ್ರಯ. ಸರಕಾರದ ಸಹಾಯಧನದ ಯೋಜನೆಗಳಲ್ಲಿ ಹಳೆಯ ಯಂತ್ರಕ್ಕೆ ಸಾಮಾನ್ಯವಾಗಿ ಸ್ಥಾನವಿಲ್ಲ. ಹೊಸ ಯಂತ್ರದೊಡನೆ ನಿಖರತೆಯ ಪರೀಕ್ಷಾಪತ್ರವೂ, ವಾರಂಟಿಯೂ, ಕರೆದರೆ ಬರುವ ಎಂಜಿನಿಯರೂ ಬರುತ್ತಾರೆ. ಹಳೆಯ ಯಂತ್ರದೊಡನೆ ಬರುವುದು ಮಾರಿದವನ ಶುಭಾಶಯ ಮಾತ್ರ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಯಂತ್ರವೊಂದೇ ಬಂದರೆ ಕೆಲಸ ನಡೆಯದು. ತುಂಡನ್ನು ಕಚ್ಚುವ ವೈಸು, ಕಟ್ಟರುಗಳು, ಅವನ್ನು ಹಿಡಿಯುವ ಆರ್ಬರು ಮತ್ತು ಕಾಲೆಟ್ಟುಗಳು, ಹಲ್ಲುಗಳನ್ನು ಸಮನಾಗಿ ಭಾಗಿಸುವ ಡಿವೈಡಿಂಗ್ ಹೆಡ್ಡು, ಇವೆಲ್ಲ ಬೇಕು. ಹೊಸದರಲ್ಲಿ ಇವುಗಳಲ್ಲಿ ಹಲವಕ್ಕೆ ಬೇರೆಯೇ ಬೆಲೆ. ಹಳೆಯದನ್ನು ಮಾರುವವನು ಒಮ್ಮೊಮ್ಮೆ ಒಂದು ಪೆಟ್ಟಿಗೆಯ ತುಂಬ ಇವನ್ನು ಸುಮ್ಮನೆ ಕೊಟ್ಟುಬಿಡುತ್ತಾನೆ. ಕೊಳ್ಳುವವನ ಅದೃಷ್ಟ ಹಲವು ಬಾರಿ ಆ ತುಕ್ಕುಹಿಡಿದ ಪೆಟ್ಟಿಗೆಯಲ್ಲಿ ಅಡಗಿರುತ್ತದೆ.

ಬಣ್ಣದ ಕೆಳಗೆ

ಲೆಕ್ಕ ಹಳೆಯದರ ಕಡೆಗೆ ವಾಲಿತು. ಆದರೆ ಹಳೆಯದನ್ನು ಪರೀಕ್ಷಿಸುವವರಾರು? ಭಾವನವರಿಗೆ ಪರಿಚಿತರಾದ ಒಬ್ಬ ವೃದ್ಧರಿದ್ದರು. ದೊಡ್ಡ ಕಾರ್ಖಾನೆಯೊಂದರ ದುರಸ್ತಿ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಫಿಟ್ಟರಾಗಿ ದುಡಿದು ನಿವೃತ್ತರಾದವರು. ಷೆಡ್ಡಿನ ಹುಡುಗರೆಲ್ಲ ಅವರನ್ನು ‘ಯಜಮಾನರು’ ಎನ್ನುತ್ತಾರೆ. ಒಂದು ಚೀಲದಲ್ಲಿ ಡಯಲ್ ಗೇಜ್, ಒಂದು ಟಾರ್ಚು, ಒಂದು ಮರದ ಪಟ್ಟಿ ಹಾಕಿಕೊಂಡು ಅವರು ನಮ್ಮೊಡನೆ ಹೊರಟರು.

ಛಾಯಾಚಿತ್ರದ ಯಂತ್ರ ಹಸುರು ಬಣ್ಣದಿಂದ ಥಳಥಳಿಸುತ್ತಿತ್ತು. ನನಗಂತೂ ನೋಡಿದೊಡನೆಯೇ ಮೆಚ್ಚಿಗೆಯಾಯಿತು. ಯಜಮಾನರು ನಕ್ಕರು. “ಮೇಷ್ಟ್ರೇ, ಹಸು ಕೊಳ್ಳೋಕೆ ಹೋದೋರು ಕೆಚ್ಚಲು ನೋಡ್ತಾರೋ, ಕೊಂಬಿನ ಬಣ್ಣ ನೋಡ್ತಾರೋ?” ಎಂದು ಮೇಜಿನ ಕೆಳಗೆ ಬಗ್ಗಿ ಟಾರ್ಚು ಹಿಡಿದರು.

ಅಲ್ಲಿ ಅವರು ತೋರಿಸಿದ್ದನ್ನು ನಾನು ಮರೆಯುವಂತಿಲ್ಲ. ಒಳ್ಳೆಯ ಯಂತ್ರದ ಜಾರುಪಟ್ಟಿಗಳನ್ನು ಕುಶಲಕರ್ಮಿಗಳು ಕೈಯುಳಿಯಿಂದ ತುಸುತುಸುವೇ ಹೆರೆದು ಸಮಮಾಡಿರುತ್ತಾರೆ. ಆ ಸ್ಕ್ರೇಪಿಂಗಿನ ಗುರುತುಗಳು ಮೀನಿನ ಹುರುಪೆಯಂತೆ ಕಾಣುತ್ತವೆ. ಅವುಗಳ ತಗ್ಗುಗಳಲ್ಲಿ ಎಣ್ಣೆ ನಿಲ್ಲುತ್ತದೆ. ಈ ಯಂತ್ರದಲ್ಲಿ ಗುರುತುಗಳು ಎರಡು ತುದಿಗಳಲ್ಲಿ ಮಾತ್ರ ಉಳಿದಿದ್ದವು. ನಡುವೆ ಪಟ್ಟಿಯು ಕನ್ನಡಿಯಂತೆ ನುಣುಪು. “ಕೆಲಸ ಎಲ್ಲ ನಡುವೇನೇ ನಡೆಯೋದು. ಸವೆಯೋದೂ ಅಲ್ಲೇ” ಎಂದರು.

ಬಳಿಕ ಹಿಡಿಯನ್ನು ತಿರುಗಿಸಿದರು. ಮೇಜು ನಡುವಿನಲ್ಲಿದ್ದಾಗ ಹಿಡಿ ಕಾಲು ಸುತ್ತು ತಿರುಗಿದ ಮೇಲೆ ಮೇಜು ಅಲುಗಿತು. ಸ್ಕ್ರೂವಿಗೂ ನಟ್ಟಿಗೂ ನಡುವಣ ಈ ಸಡಿಲಿಕೆಗೆ ಷೆಡ್ಡಿನವರು ‘ಪ್ಲೇ’ ಎನ್ನುತ್ತಾರೆ. ಮೇಜನ್ನು ತುದಿಯ ಕಡೆಗೆ ಒಯ್ದಂತೆ ಹಿಡಿ ಬಿಗಿಯಾಗುತ್ತ ಬಂದು ಕೊನೆಗೆ ನಿಂತೇ ಹೋಯಿತು. ಮಾರುವವನು ಹಿಂದಿನ ದಿನವೇ ಬಿಗಿಪಟ್ಟಿಯನ್ನು ನಡುವಿನ ಸವೆತಕ್ಕೆ ಹೊಂದುವಂತೆ ಬಿಗಿದಿದ್ದನು. ಸವೆಯದ ತುದಿಗಳಲ್ಲಿ ಅದು ಸಿಕ್ಕಿಕೊಂಡು ಗುಟ್ಟನ್ನು ಬಯಲುಮಾಡಿತು.

ಈ ಸಡಿಲಿಕೆಯಿಂದ ಅಪಾಯವೇನೆಂದು ನಾನು ಕೇಳಿದೆನು. ಕಟ್ಟರಿನ ಹಲ್ಲುಗಳು ಮೇಜು ಚಲಿಸುವ ದಿಕ್ಕಿನಲ್ಲಿಯೇ ಕಚ್ಚುವಂತೆ ಕೆಲಸ ಮಾಡಿದಾಗ, ಹೊಲಿಗೆಯ ಯಂತ್ರ ಬಟ್ಟೆಯನ್ನು ಸೆಳೆಯುವಂತೆ ಕಟ್ಟರು ತುಂಡನ್ನು ತನ್ನತ್ತ ಸೆಳೆಯುತ್ತದೆ. ಸ್ಕ್ರೂ ಬಿಗಿಯಾಗಿದ್ದರೆ ಮೇಜು ಅಂಕೆಯಲ್ಲಿರುತ್ತದೆ. ಸಡಿಲವಾಗಿದ್ದರೆ ಮೇಜು ತಟ್ಟನೆ ಮುನ್ನುಗ್ಗುತ್ತದೆ. ಕಟ್ಟರಿನ ಹಲ್ಲು ಮುರಿಯುತ್ತದೆ, ತುಂಡು ಕಿತ್ತು ಹಾರುತ್ತದೆ, ಕೆಲಸಗಾರನ ಕೈಗೂ ಕಣ್ಣಿಗೂ ಅಪಾಯ. ನಟ್ಟನ್ನು ಬದಲಾಯಿಸಬಹುದು, ಸ್ಕ್ರೂವನ್ನೂ ಬದಲಾಯಿಸಬಹುದು. ಜಾರುಪಟ್ಟಿಗಳು ಸವೆದರೆ ಯಂತ್ರವನ್ನು ಬಿಚ್ಚಿ, ಗ್ರೈಂಡಿಂಗ್ ಮಾಡಿಸಿ, ಮತ್ತೆ ಕೈಯಿಂದ ಹೆರೆಯಿಸಬೇಕು. ಆ ಖರ್ಚಿಗೆ ಅಂಜಿಯೇ ಹಳೆಯ ಯಜಮಾನ ಯಂತ್ರವನ್ನು ಮಾರಿರುತ್ತಾನೆ. ನಾವು ನಮಸ್ಕಾರ ಹೇಳಿ ಹೊರಬಂದೆವು.

ಎರಡನೆಯ ಯಂತ್ರ

ಮೂರು ವಾರದಲ್ಲಿ ನಾಲ್ಕು ಯಂತ್ರಗಳನ್ನು ನೋಡಿದೆವು. ನಾಲ್ಕನೆಯದು, ಮುಚ್ಚಿಹೋದ ಒಂದು ಷೆಡ್ಡಿನಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು. ಬೂದುಬಣ್ಣ ಅಲ್ಲಲ್ಲಿ ಎದ್ದುಹೋಗಿತ್ತು. ಲೋಹದ ಫಲಕದಲ್ಲಿ ೧೯೮೧ ಎಂದು ಕೊರೆದಿತ್ತು. ಟಾರ್ಚಿನ ಬೆಳಕಿನಲ್ಲಿ ಹುರುಪೆಯ ಗುರುತುಗಳು ನಡುವಿನಲ್ಲಿಯೂ ಮಸಕಾಗಿ ಕಂಡವು. ಹಿಡಿ ಈ ತುದಿಯಿಂದ ಆ ತುದಿಯವರೆಗೆ ಒಂದೇ ಹದದಲ್ಲಿ ತಿರುಗಿತು.

ಯಜಮಾನರು ಸ್ಪಿಂಡಲ್ಲಿನ ಬಾಯಿಯೊಳಗೆ ಡಯಲ್ ಗೇಜಿನ ಮೊನೆಯಿಟ್ಟು ಮೆಲ್ಲನೆ ತಿರುಗಿಸಿದರು. ಒಂದು ಮಿಲ್ಲಿಮೀಟರಿನ ನೂರರಲ್ಲಿ ಒಂದು ಭಾಗವನ್ನು ತೋರುವ ಆ ಮುಳ್ಳು ಒಂದು ಗೆರೆಯಷ್ಟು ಅಲ್ಲಾಡಿ ನಿಂತಿತು. ಮರದ ಪಟ್ಟಿಯಿಂದ ಸ್ಪಿಂಡಲ್ಲನ್ನು ಮೇಲಕ್ಕೆ ಮೀಟಿ ನೋಡಿದರು, ಬೇರಿಂಗು ಬಿಗಿಯಾಗಿತ್ತು. ಆಮೇಲೆ ಪ್ರತಿಯೊಂದು ವೇಗದಲ್ಲಿಯೂ ಯಂತ್ರವನ್ನು ಓಡಿಸಿ, ಕಣ್ಣುಮುಚ್ಚಿ, ಸಂಗೀತ ಕಛೇರಿಯಲ್ಲಿ ಕುಳಿತವರಂತೆ ಕೇಳುತ್ತ ನಿಂತರು. ಅರ್ಧ ಗಂಟೆ ಓಡಿದ ಮೇಲೆ ಬೇರಿಂಗಿನ ಜಾಗವನ್ನು ಮುಟ್ಟಿ ನೋಡಿದರು; ಉಗುರುಬೆಚ್ಚಗಿತ್ತು. ಕೊನೆಗೆ ತಾವೇ ತಂದಿದ್ದ ಒಂದು ಕಬ್ಬಿಣದ ತುಂಡನ್ನು ಕಟ್ಟಿ, ಮುಖ ತೆಗೆದು, ಅಳೆದು ನೋಡಿದರು.

“ಎರಕದ ಕಬ್ಬಿಣ ನಲವತ್ತು ವರ್ಷ ನಿಂತಿದೆ ಅಂದ್ರೆ, ಸೊಟ್ಟ ಆಗೋದೆಲ್ಲ ಆಗಿ ಮುಗಿದಿರುತ್ತೆ, ಮೇಷ್ಟ್ರೇ. ಹೊಸ ಎರಕಾನ ಸರಿಯಾಗಿ ಹದ ಮಾಡದೇ ಆತುರದಲ್ಲಿ ಕಡೆದ್ರೆ, ಅದು ಕೊಂಡವನ ಮನೇಲಿ ಸೊಟ್ಟ ಆಗುತ್ತೆ” ಎಂದರು. ಎರಕ ಹೊಯ್ದಾಗ ಒಳಗೆ ಉಳಿಯುವ ಒತ್ತಡ ಕಾಲಕ್ರಮದಲ್ಲಿ ಸಡಿಲಗೊಳ್ಳುವುದೆಂಬ ಶಾಸ್ತ್ರವನ್ನು ಅವರು ಹೀಗೆ ಒಂದು ಮಾತಿನಲ್ಲಿ ಹೇಳಿ ಮುಗಿಸಿದರು.

ಮೇಜಿನ ಮೇಲೆ ಒಂದೇ ಒಂದು ಡ್ರಿಲ್ಲಿನ ಗಾಯವಿತ್ತು. ಅದನ್ನು ನೋಡಿ ಅವರು ತಲೆದೂಗಿದರು. ಮೇಜಿನ ತುಂಬ ತೂತುಗಳಿದ್ದರೆ ಹಿಂದಿನ ಕೆಲಸಗಾರ ಅಲಕ್ಷ್ಯದವನೆಂದು ಅರ್ಥ. ಅಂತಹವನು ಎಣ್ಣೆಯನ್ನೂ ಹಾಕಿರುವುದಿಲ್ಲ. ನಾಲ್ಕು ಲಕ್ಷ ಹೇಳಿದ್ದು ಮೂರು ಮುಕ್ಕಾಲಿಗೆ ಇಳಿಯಿತು. ಆ ತುಕ್ಕಿನ ಪೆಟ್ಟಿಗೆಯೂ ಸಿಕ್ಕಿತು. ಅದರಲ್ಲಿ ಡಿವೈಡಿಂಗ್ ಹೆಡ್ಡೂ ಇತ್ತು. ನಾನು ಮಾರನೆಯ ದಿನ ಬ್ಯಾಂಕಿಗೆ ಹೋಗಿ ಸಹಿ ಹಾಕಿದೆನು.

ಕಂಪ್ಯೂಟರ್ ಯಂತ್ರದ ಮಾತೇ ಬೇರೆ

ಇಲ್ಲಿ ಓದುಗರಿಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ೧೯೫೨ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯವರು ಸಿನ್ಸಿನಾಟಿ ಕಂಪನಿಯ ಮಿಲ್ಲಿಂಗ್ ಯಂತ್ರವೊಂದನ್ನು ಮಾರ್ಪಡಿಸಿ, ತೂತು ಹಾಕಿದ ಕಾಗದದ ಪಟ್ಟಿಯ ಆಜ್ಞೆಯಂತೆ ನಡೆಯುವಂತೆ ಮಾಡಿ ತೋರಿಸಿದರು. ಇಂದಿನ ಸಿ.ಎನ್.ಸಿ. ಯಂತ್ರಗಳ ಮೂಲಪುರುಷ ಅದು. ಇಂತಹ ಯಂತ್ರಗಳಲ್ಲಿ ಕಬ್ಬಿಣಕ್ಕಿಂತ ಮೊದಲು ಮುದಿಯಾಗುವುದು ಮಿದುಳು. ಹಳೆಯ ನಿಯಂತ್ರಕದ ಸರ್ಕ್ಯೂಟ್ ಹಲಗೆ ಕೆಟ್ಟರೆ ಅದರ ಜೋಡಿ ಎಲ್ಲಿಯೂ ಸಿಗದೆ ಹೋಗಬಹುದು. ಹಲವು ಹಳೆಯ ನಿಯಂತ್ರಕಗಳ ನೆನಪನ್ನು ಒಂದು ಚಿಕ್ಕ ಬ್ಯಾಟರಿ ಕಾಯುತ್ತಿರುತ್ತದೆ. ಷೆಡ್ಡು ಮುಚ್ಚಿ ಬ್ಯಾಟರಿ ಸತ್ತರೆ, ಯಂತ್ರ ತನ್ನ ಅಳತೆಗಳನ್ನೆಲ್ಲ ಮರೆತು ಬರಿಯ ಕಬ್ಬಿಣದ ಗುಡ್ಡೆಯಾಗುತ್ತದೆ. ಆದುದರಿಂದ ಕೈಚಾಲನೆಯ ಹಳೆಯ ಯಂತ್ರಕ್ಕೆ ಹೇಳಿದ ಮಾತನ್ನು ಹಳೆಯ ಸಿ.ಎನ್.ಸಿ.ಗೆ ಹೇಳಲಾಗದು.

ಕೆಲಸದ ಸ್ವರೂಪವೇ ಇಲ್ಲಿ ತೀರ್ಪು ಕೊಡಬೇಕು. ಒಂದೇ ಬಗೆಯ ಐನೂರು ಭಾಗಗಳನ್ನು ಗೊತ್ತಾದ ದಿನಕ್ಕೆ, ಗೊತ್ತಾದ ಅಳತೆಗೆ ದೊಡ್ಡ ಕಾರ್ಖಾನೆಗೆ ಕೊಡಬೇಕಾದವರು ಸಾಲಕ್ಕೆ ಅಂಜದೆ ಹೊಸ ಯಂತ್ರವನ್ನೇ ಕೊಳ್ಳಲಿ. ಆ ಕೆಲಸದ ವರಮಾನವೇ ಕಂತನ್ನು ಕಟ್ಟುತ್ತದೆ. ಇಂದು ಪಂಪಿನ ಅಚ್ಚು, ನಾಳೆ ಮುರಿದ ಗಾಲಿ ಎಂದು ಬಿಡಿಕೆಲಸ ಮಾಡುವವರಿಗೆ ಒಳ್ಳೆಯ ಹಳೆಯ ಯಂತ್ರ ಸಾಕು. ಅದಕ್ಕೆ ಅಂಕೆಗಳಲ್ಲಿ ಅಳತೆ ತೋರುವ ಡಿ.ಆರ್.ಓ. ಎಂಬ ಉಪಕರಣವನ್ನು ಜೋಡಿಸಿಕೊಂಡರೆ, ಅದು ಮೇಜಿನ ಸ್ಥಾನವನ್ನೇ ನೇರವಾಗಿ ಓದುವುದರಿಂದ ಸ್ಕ್ರೂವಿನ ಸವೆತ ಲೆಕ್ಕವನ್ನು ಕೆಡಿಸುವುದಿಲ್ಲ. ಆದರೆ ಸಡಿಲಿಕೆಯನ್ನು ಅದು ಗುಣಪಡಿಸದು.

ಕೊಂಡ ಮೇಲೆ

ಇಲ್ಲಿಗೇ ನಿಲ್ಲಿಸಿದರೆ ನಾನು ಅರ್ಧಸತ್ಯವನ್ನು ಹೇಳಿದಂತಾಗುತ್ತದೆ. ಯಂತ್ರ ಬಂದ ಮೂರನೆಯ ತಿಂಗಳು, ವೈಶಾಖದ ಬಿಸಿಲಿನಲ್ಲಿ, ಮೇಜನ್ನು ತಾನಾಗಿ ನಡೆಸುವ ಗೇರು ಪೆಟ್ಟಿಗೆಯಲ್ಲಿ ಒಂದು ಗಾಲಿಯ ಮೂರು ಹಲ್ಲು ಉದುರಿದವು. ಬದಲಿ ಗಾಲಿ ಪೇಟೆಯಲ್ಲೆಲ್ಲಿಯೂ ಸಿಗಲಿಲ್ಲ. ಯಜಮಾನರು ಹಲ್ಲು ಎಣಿಸಿ, ಅಳೆದು, ನಕ್ಷೆ ಬರೆದುಕೊಟ್ಟರು. ಇನ್ನೊಬ್ಬರ ಮಿಲ್ಲಿಂಗ್ ಯಂತ್ರದಲ್ಲಿ ಅದನ್ನು ಕಡೆಯಿಸಿ, ಹದಗೊಳಿಸಿ ಕೂರಿಸುವ ವೇಳೆಗೆ ಹತ್ತೊಂಬತ್ತು ದಿನ ಕಳೆದಿದ್ದವು. ಒಪ್ಪಿಕೊಂಡಿದ್ದ ಪಂಪಿನ ಕೆಲಸವೊಂದು ಕೈಬಿಟ್ಟುಹೋಯಿತು. ಆ ತಿಂಗಳ ಕಂತನ್ನು ನಾನೇ ಕಟ್ಟಿದೆನು. ತಂಗಿ ಅದನ್ನು ತಿಳಿದು ಎರಡು ವಾರ ನಮ್ಮ ಮನೆಗೆ ಬರಲಿಲ್ಲ. ಬಂದಾಗ ಹಣವನ್ನು ಲಕೋಟೆಯಲ್ಲಿಟ್ಟು ಅಮ್ಮನ ಕೈಗೆ ಕೊಟ್ಟು ಹೋದಳು.

ಹಳೆಯ ಯಂತ್ರವನ್ನು ಕೊಳ್ಳುವವನು ಅದರ ದುರಸ್ತಿಯನ್ನೂ ಜೊತೆಗೇ ಕೊಳ್ಳುತ್ತಾನೆ. ಯಜಮಾನರಂತಹವರು ಹತ್ತಿರವಿಲ್ಲದಿದ್ದರೆ, ತಾನೇ ಸ್ಪ್ಯಾನರು ಹಿಡಿಯುವ ಅಭ್ಯಾಸವಿಲ್ಲದಿದ್ದರೆ, ಆ ವ್ಯಾಪಾರಕ್ಕೆ ಕೈಹಾಕದಿರುವುದು ಮೇಲು. ಕೈಹಾಕುವುದಾದರೆ ಬೆಲೆಯ ಜೊತೆಗೆ ಮೂರು ತಿಂಗಳ ಕಂತನ್ನು ಬೇರೆ ತೆಗೆದಿಟ್ಟಿರಬೇಕು. ಇದನ್ನು ನಮಗೆ ಯಾರೂ ಮೊದಲೇ ಹೇಳಿರಲಿಲ್ಲ. ಲೆಕ್ಕದ ಕಾಗದದಲ್ಲಿ ನಾವೂ ಬರೆದಿರಲಿಲ್ಲ. ಆ ಒಂದು ತಿಂಗಳನ್ನು ಬಿಟ್ಟರೆ ಕಂತುಗಳು ತಪ್ಪದೆ ಸಂದಿವೆ. ಸರ ಇನ್ನೂ ಬಿಡಿಸಿಕೊಂಡು ಬಂದಿಲ್ಲ. ಬರುವ ಯುಗಾದಿಗೆ ಎಂದು ಭಾವನವರು ಹೇಳುತ್ತಾರೆ.

ಈ ವರ್ಷದ ಆಯುಧಪೂಜೆಗೆ ನಮ್ಮನ್ನೆಲ್ಲ ಷೆಡ್ಡಿಗೆ ಕರೆದಿದ್ದರು. ಯಂತ್ರಕ್ಕೆ ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ. ಯಜಮಾನರೇ ಬೂದುಗುಂಬಳಕಾಯಿ ಒಡೆದರು. ಅಮ್ಮ ಯಂತ್ರವನ್ನು ಸುತ್ತುಹಾಕಿ ನೋಡಿ, “ಇದೇನಾ ನಿಮ್ಮ ಮಿಲ್ಲು? ಎಷ್ಟು ವರ್ಷದ್ದು?” ಎಂದು ಕೇಳಿದರು.

“ನಿಮ್ಮ ಮಗನಿಗಿಂತ ಎಂಟು ವರ್ಷ ದೊಡ್ಡದು, ಅತ್ತೆ” ಎಂದರು ಭಾವನವರು.

ಅಮ್ಮ ನನ್ನ ಕಡೆಗೆ ತಿರುಗಿ, “ಹಾಗಾದರೆ ನಮಸ್ಕಾರ ಮಾಡೋ” ಎಂದರು.